ಹೆರಿಗೆ ವಾರ್ಡಿಗೆ ಬಂದ ಧಾರಾವಾಹಿ

ಕೊಟ್ಟೂರಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನಾನು ಮೇಟ್ರನ್. ಕಾನ್ವೆಂಟಿನಲ್ಲಿ ಓದಿದವಳು. ಸಾಲು ಎಂದರೆ ಸಾಲು, ಸದ್ದು ಬೇಡ ಎಂದರೆ ಸದ್ದು ಬೇಡ. ಮಂಚದ ಚಾದರದ ಅಂಚು ಸೊಟ್ಟಗಿದ್ದರೂ ನಾನು ಮುಂದಿನ ಮಂಚಕ್ಕೆ ಹೋಗುವುದಿಲ್ಲ. ಅಂಥ ನನ್ನ ವಾರ್ಡಿನಲ್ಲಿ ಸಂಜೆ ಏಳಾಯಿತೆಂದರೆ ಯಾರೂ ನೆಟ್ಟಗೆ ಕೂರುವುದಿಲ್ಲ, ನೆಟ್ಟಗೆ ನಿಲ್ಲುವುದೂ ಇಲ್ಲ. ಕಾಯುವವರ ಗಾಬರಿ ಕಡಿಮೆಯಾಗಲಿ ಎಂದು ಡಾಕ್ಟರು ಹಜಾರದಲ್ಲಿ ಒಂದು ಟಿವಿ ಹಾಕಿಸಿದ್ದಾರೆ. ಅದರಿಂದ ಗಾಬರಿ ಕಡಿಮೆಯಾದದ್ದನ್ನು ನಾನು ಕಂಡಿಲ್ಲ. ಏನಾದರೊಂದು ನಡೆಯುತ್ತಲೇ ಇರುತ್ತದೆ. ಈಚೆಗೆ ನಡೆದದ್ದನ್ನಷ್ಟೇ ಹೇಳುತ್ತೇನೆ.

ಬ್ರೇಕ್ ಬರುವ ತನಕ

ಇಲ್ಲೇ ಹತ್ತಿರದ ಅರಸೀಕೆರೆ ಎಂಬ ಹಳ್ಳಿಯ ಅಜ್ಜಿಯೊಬ್ಬರು ಸೊಸೆಯನ್ನು ಎರಡನೆಯ ಹೆರಿಗೆಗೆ ಕರೆತಂದಿದ್ದರು. ಮೊದಲನೆಯದು ಹೆಣ್ಣು. "ಈ ಸಲ ಗಂಡು, ಮೇಡಂ" ಎಂದು ಬಂದ ಕೂಡಲೇ ನನಗೆ ಹೇಳಿದರು, ಹೋಟೆಲಿನಲ್ಲಿ ತಿಂಡಿ ಹೇಳುವವರ ಹಾಗೆ.

ಸಂಜೆ ಸೊಸೆಗೆ ನೋವು ಜೋರಾಯಿತು. ಅವಳು ಗೋಡೆ ಹಿಡಿದುಕೊಂಡು ಟಿವಿಯ ಮುಂದೆಯೇ ಅಡ್ಡಾಡುತ್ತಿದ್ದಳು.

"ಒಳಗೆ ನಡಿಯಮ್ಮ" ಎಂದೆ.

"ಒಂದು ಬ್ರೇಕ್ ಬರ್ಲಿ ಮೇಡಂ. ಆ ನರ್ಸು ಏನ್ ಮಾಡ್ತಾಳೋ ನೋಡಿ ಬರ್ತೀನಿ."

"ನಿನ್ನ ಮಗು ಬ್ರೇಕಿಗೆ ಕಾಯುವುದಿಲ್ಲ."

ಅತ್ತೆ ಟಿವಿಯಿಂದ ಕಣ್ಣು ಕೀಳದೆ ಕೈಯಾಡಿಸಿದರು. "ನೀ ಹೋಗವ್ವ. ಏನಾತಂತ ನಾ ನೋಡಿ ಹೇಳ್ತೀನಿ."

ಸ್ವಲ್ಪ ಹೊತ್ತಿಗೆ ಹೆರಿಗೆಯಾಯಿತು. ನಾನೂ ಆಯಾಳೂ ಹೊರಗೆ ಬಂದೆವು. ಆಯಾ "ಹೆಣ್ಣು ಕೂಸು" ಎಂದಳು. ಸರಿಯಾಗಿ ಆಗಲೇ ಟಿವಿಯಲ್ಲಿ ಧಾರಾವಾಹಿಯ ಆ ನರ್ಸು ದೊಡ್ಡ ಮನೆಯವರ ಗಂಡು ಮಗುವನ್ನು ತೊಟ್ಟಿಲಿನಿಂದ ಎತ್ತಿ, ಆ ಜಾಗದಲ್ಲಿ ಯಾರದೋ ಹೆಣ್ಣು ಮಗುವನ್ನು ಮಲಗಿಸುತ್ತಿದ್ದಳು.

ಅಜ್ಜಿ ಟಿವಿಯನ್ನು ನೋಡಿದರು. ಆಯಾಳನ್ನು ನೋಡಿದರು. ಆಮೇಲೆ ನನ್ನ ಬಿಳಿ ಸೀರೆಯನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು.

ವಿಚಾರಣೆ

ಮರುದಿನ ಬೆಳಿಗ್ಗೆ ಅಜ್ಜಿ ಮಗುವನ್ನು ಎತ್ತಿಕೊಳ್ಳಲಿಲ್ಲ. ಮಂಚದ ಸುತ್ತ ತಿರುಗುತ್ತಿದ್ದರು. "ಇದನ್ನ ನಾವು ಮನಿಗೆ ಒಯ್ಯಂಗಿಲ್ಲ. ನಮ್ಮದು ಎಲ್ಲೈತಿ ಕೊಡ್ರಿ" ಎಂದರು. ಸೊಸೆ ಮಗುವನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ಅಳುತ್ತಿದ್ದಳು.

ನಾನು ಮಗುವಿನ ಕೈಗೆ ಕಟ್ಟಿದ್ದ ಹೆಸರಿನ ಪಟ್ಟಿ ತೋರಿಸಿದೆ.

"ಧಾರಾವಾಹ್ಯಾಗೂ ಪಟ್ಟಿ ಕಟ್ಟಿದ್ರು. ಬಿಚ್ಚಿದಾಕಿ ನರ್ಸಾ."

"ನಿನ್ನೆ ಇಲ್ಲಿ ಹುಟ್ಟಿದ್ದು ಮೂರು ಮಗು. ಮೂರೂ ಹೆಣ್ಣು. ಗಂಡನ್ನು ನಾನು ಎಲ್ಲಿಂದ ತರಲಿ?"

"ಅದಕ್ಕಾ ಡೌಟು. ಮೂರಕ್ಕ ಮೂರೂ ಹೆಣ್ಣಾಗಾಕ ಹೆಂಗ ಬರತೈತಿ?"

ಪಕ್ಕದ ಮಂಚದವರು ಬಸ್ ನಿಲ್ದಾಣದ ಹತ್ತಿರ ಗ್ಯಾರೇಜ್ ಇಟ್ಟಿರುವ ಸಾಹೇಬರ ಮನೆಯವರು. ಆ ಮನೆಯ ಅಜ್ಜಿಗೂ ಹೆಣ್ಣು ಮೊಮ್ಮಗುವೇ, ಅವರು ಅದಕ್ಕೆ ಆಗಲೇ ಸಕ್ಕರೆ ಹಂಚಿ ಮುಗಿಸಿದ್ದರು. ಧಾರಾವಾಹಿಯ ವಿಷಯದಲ್ಲಿ ಮಾತ್ರ ಅವರಿಗೆ ತಮ್ಮದೇ ಅಭಿಪ್ರಾಯವಿತ್ತು.

"ಆ ನರ್ಸು ರೊಕ್ಕಕ್ಕ ಮಾಡಿಲ್ಲ ಅಕ್ಕಾರ. ಅಕಿ ಮಗನ್ನ ಆ ದೊಡ್ಡ ಮನಿಯವ್ರು ಸುಮ್‌ಸುಮ್ನ ಜೈಲಿಗೆ ಹಾಕ್ಸ್ಯಾರ. ಅದರ ಸೇಡು."

ಅರಸೀಕೆರೆ ಅಜ್ಜಿ ನನ್ನ ಕಡೆ ತಿರುಗಿದರು. "ನಿಮಗ ಮಕ್ಕಳದಾರೇನ್ರಿ?"

"ಒಬ್ಬ ಮಗ."

"ಎಲ್ಲದಾನ?"

"ಹೊಸಪೇಟೆಯಲ್ಲಿ. ಬ್ಯಾಂಕಿನಲ್ಲಿ ಕೆಲಸ."

"ಜೈಲಿನ್ಯಾಗ ಇಲ್ಲಲ್ಲ?"

"ಇಲ್ಲ."

ಅಜ್ಜಿ ಸ್ವಲ್ಪ ಯೋಚಿಸಿದರು. "ಹಂಗಾದ್ರ ನೀವು ರೊಕ್ಕಕ್ಕಾ ಮಾಡೀರಿ."

ಎಡಗಾಲಿನ ಬೊಟ್ಟು

ಆ ದಿನವೇ ಮೂರು ಮಕ್ಕಳಿಗೂ ಲಸಿಕೆ ಹಾಕಬೇಕಿತ್ತು. ಬಟ್ಟೆ ಬಿಡಿಸಿದರೆ, ಮೂರರ ಎಡ ಅಂಗಾಲಿನಲ್ಲೂ ಒಂದೊಂದು ಕಪ್ಪು ಬೊಟ್ಟು. ಒಂದೇ ಗಾತ್ರ, ಒಂದೇ ಜಾಗ. ನನ್ನ ವಾರ್ಡಿನಲ್ಲಿ ಮಕ್ಕಳ ಮೈಗೆ ಕಾಡಿಗೆ ಹಚ್ಚುವುದನ್ನು ನಾನು ಯಾವತ್ತೋ ನಿಲ್ಲಿಸಿದ್ದೇನೆ. ಮೂವರು ಅಜ್ಜಿಯರನ್ನೂ ಕರೆಸಿದೆ.

"ಯಾರು ಹಚ್ಚಿದ್ದು?"

ಗ್ಯಾರೇಜಿನ ಅಜ್ಜಿ ಮೊದಲು ಒಪ್ಪಿಕೊಂಡರು. "ನಾನಾ. ನಮ್ಮ ಕೂಸಿಗೆ ಗುರ್ತು ಇರ್ಲಿ ಅಂತ. ಆ ದೊಡ್ಡ ಮನಿ ಕೂಸಿಗೂ ಎಡಗಾಲಾಗ ಬೊಟ್ಟು ಇಟ್ಟಿದ್ರಲ್ಲ."

"ನಾನೂ ಅದ್ಕಾ ಹಚ್ಚೀನ್ರಿ" ಎಂದರು ಮೂರನೆಯ ಮಂಚದ ಅಜ್ಜಿ.

ಅರಸೀಕೆರೆ ಅಜ್ಜಿಗೆ ಕೇಳಿದೆ, "ನೀವು ನಮ್ಮ ಮಗುವೇ ಅಲ್ಲ ಅನ್ನುತ್ತೀರಿ. ನೀವೇಕೆ ಹಚ್ಚಿದಿರಿ?"

"ನಮ್ಮದಲ್ಲ ಅನ್ನಾಕೂ ಒಂದು ಗುರ್ತು ಬೇಕಲ್ರಿ."

ನಮ್ಮದು ಎನ್ನುವುದಕ್ಕೂ ಅದೇ ಬೊಟ್ಟು, ನಮ್ಮದಲ್ಲ ಎನ್ನುವುದಕ್ಕೂ ಅದೇ ಬೊಟ್ಟು. ನನ್ನನ್ನು ನೋಡಿ ನೀವು ಹಚ್ಚಿದಿರಿ, ನಿಮ್ಮನ್ನು ನೋಡಿ ನಾನ್ಯಾಕೆ ಹಚ್ಚಲಿ ಎಂದು ಮೂವರಿಗೂ ಮಾತು ಬೆಳೆಯಿತು. ನಾನು ಎಣ್ಣೆ ತರಿಸಿ ಮೂರು ಅಂಗಾಲನ್ನೂ ಒರೆಸಿಸಿದೆ.

ಅರಸೀಕೆರೆ ಅಜ್ಜಿ ಗ್ಯಾರೇಜಿನ ಅಜ್ಜಿಯ ಕಿವಿಯಲ್ಲಿ, ನನಗೂ ಕೇಳುವಂತೆ, ಹೇಳಿದರು: "ನೋಡ್ದಿ? ಆ ನರ್ಸೂ ಹಿಂಗಾ ಒರಿಸಿದ್ಲು."

ಕಾರಿನಿಂದ ಇಳಿದ ಕಾಲು

ನಾಳೆ ಬೆಳಿಗ್ಗೆ ಮೂವರಿಗೂ ಡಿಸ್ಚಾರ್ಜ್ ಎಂದು ಡಾಕ್ಟರು ಹೇಳಿದರು. ಸೊಸೆ ನನ್ನ ಸೆರಗು ಹಿಡಿದಳು. "ಇದನ್ನ ಬಿಟ್ಟು ಬಾ ಅಂದ್ರ ನಾ ಹೆಂಗ ಹೋಗ್ಲಿ ಮೇಡಂ?" ನನಗೂ ಒಂದು ಕಡೆ ಕೂರಲಾಗಲಿಲ್ಲ. ಅಜ್ಜಿಗೆ ಎರಡು ಸಲ ತಿಳಿಸಿ ಹೇಳಿದೆ, ಡಾಕ್ಟರು ಒಂದು ಸಲ ಗದರಿದರು. ಏನೂ ಪ್ರಯೋಜನವಾಗಲಿಲ್ಲ.

ಸಂಜೆ ಧಾರಾವಾಹಿ ಶುರುವಾಯಿತು. ಅದರಲ್ಲಿ ದೊಡ್ಡ ಮನೆಯ ಅಜ್ಜಿ ಆ ಹೆಣ್ಣು ಮಗುವನ್ನು ಆಶ್ರಮಕ್ಕೆ ಕಳಿಸಿ, ತಮ್ಮ ಗಂಡು ಮಗುವನ್ನು ಹುಡುಕಿಸಿ ತಂದದ್ದಾಯಿತು. ಆಮೇಲೆ ಒಂದೇ ಏಟಿಗೆ ಇಪ್ಪತ್ತೈದು ವರ್ಷ ದಾಟಿಸಿದರು. ಮನೆಯ ಮುಂದೆ ಸರ್ಕಾರಿ ಕಾರೊಂದು ಬಂದು ನಿಂತಿತು. ಬಾಗಿಲು ತೆರೆಯಿತು. ಒಂದು ಕಾಲು ಕೆಳಗೆ ಬಂತು. ಕರೆಂಟ್ ಹೋಯಿತು.

ಹಜಾರವೇ ಎದ್ದು ನಿಂತಿತು.

"ಇನ್ವರ್ಟರ್ ಹಾಕ್ರಿ ಮೇಡಂ."

"ಇನ್ವರ್ಟರು ವಾರ್ಡಿಗೆ. ಟಿವಿಗಲ್ಲ."

"ನಿಮ್ಮ ಮೊಬೈಲ್‌ನ್ಯಾಗ ತೋರಿಸ್ರಿ."

"ಅದು ಡಾಕ್ಟರ ಕರೆ ಬರಲಿಕ್ಕೆ."

ಆಗ ಗ್ಯಾರೇಜಿನ ಅಜ್ಜಿ ಕಥೆಯನ್ನು ತಾವೇ ವಹಿಸಿಕೊಂಡರು. "ನೋಡೋದೇನೈತಿ ಅದರಾಗ? ಕಾಲು ನೋಡಿದ್ರ ತಿಳೀಲಿಲ್ಲೇನು? ಆಶ್ರಮಕ್ಕ ಕಳಿಸಿದ್ದ ಹುಡುಗಿನಾ ಅಕಿ. ಕಲೆಕ್ಟರ್ ಆಗಿ ಬಂದಾಳ."

"ಮತ್ತ ಆ ಗಂಡ್ ಹುಡುಗ?" ಅರಸೀಕೆರೆ ಅಜ್ಜಿ ಕೇಳಿದರು.

"ಅವನೇನು, ಕುಡಿದು ಕುಡಿದು ಹೊಲ ಮಾರ್ಯಾನ."

"ಯಾವಾಗ ಮಾರಿದ? ನಾವು ನೋಡ್ಲೇ ಇಲ್ಲಲ್ಲ."

"ಇಪ್ಪತ್ತೈದು ವರ್ಷ ದಾಟ್ಸಿದ್ರಲ್ಲ ಅಕ್ಕಾರ, ಅದರಾಗ ಮಾರ್ಯಾನ."

ಅರಸೀಕೆರೆ ಅಜ್ಜಿ ಇನ್ನಷ್ಟು ಹತ್ತಿರ ಸರಿದರು.

"ಮತ್ತ ಆ ದೊಡ್ಡ ಮನಿ ಅಜ್ಜಿ ಗತಿ?"

"ಕಲೆಕ್ಟರ್ ಮನಿ ಬಾಗಿಲಾಗ ಕುಂತಾಳ. ಒಳಗ ಬಿಡ್ರಿ ಅಂದ್ರ ಪೊಲೀಸ, ನೀ ಯಾರು ಮುದುಕಿ ಅಂತಾನ."

ಕರೆಂಟ್ ಬರುವ ಹೊತ್ತಿಗೆ ಬೇರೆ ಧಾರಾವಾಹಿ ಶುರುವಾಗಿತ್ತು. ಕಾರಿನಿಂದ ಇಳಿದವರ ಮುಖವನ್ನು ಒಬ್ಬರೂ ನೋಡಲಿಲ್ಲ.

ಬೆಳಿಗ್ಗೆ ನಾನು ಕೆಲಸಕ್ಕೆ ಬಂದಾಗ ಅರಸೀಕೆರೆ ಅಜ್ಜಿ ನನ್ನ ಕೋಣೆಯ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದರು.

"ಸಿಟ್ಟಾಗಬ್ಯಾಡ್ರಿ ಮೇಡಂ. ಈ ಮೂರರಾಗ ಕಲೆಕ್ಟರ್ ಆಗೋದು ಯಾವುದು?"

"ನನಗೆ ಹೇಗೆ ಗೊತ್ತಾಗಬೇಕು? ಯಾವುದನ್ನು ಓದಿಸುತ್ತೀರೋ ಅದು."

ಅಜ್ಜಿ ತಿರುಗಿ ನೇರ ಸೊಸೆಯ ಮಂಚಕ್ಕೆ ನಡೆದರು. ಸೊಸೆ ಮಗುವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

"ಕೊಡವ್ವ ಇಲ್ಲಿ. ಮನಿಗೆ ಹೋಗಾನು. ದೊಡ್ಡಾಕಿನ್ನ ಈ ವರ್ಷ ಸಾಲಿಗೆ ಹಾಕಬೇಕು, ಇಕಿನ್ನೂ ಹಾಕಬೇಕು."

ಸೊಸೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅಜ್ಜಿ ಮಗುವನ್ನು ಮೊದಲ ಸಲ ಎತ್ತಿಕೊಂಡರು. ಅದು ಬಾಯಿ ತೆರೆದು ಆಕಳಿಸಿತು.

"ನೋಡ್ರಿ, ಈಗ್ಲೇ ಆಫೀಸರ್ ಆಕಳಿಸಿದಂಗ ಆಕಳಿಸ್ತಾಳ."

ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ. ಮನೆಗೆ ಕಳಿಸುವ ಮೊದಲು ತೂಕ ನೋಡಲೇಬೇಕು. ಮಗುವಿಗಾಗಿ ಕೈ ಚಾಚಿದೆ. ಅಜ್ಜಿ ಸೆರಗಿನಲ್ಲಿ ಮಗುವನ್ನು ಮುಚ್ಚಿಕೊಂಡು ನನಗೆ ಬೆನ್ನು ಮಾಡಿದರು.

"ಇನ್ನ ನೀವು ಮುಟ್ಟಬ್ಯಾಡ್ರಿ ಮೇಡಂ."

"ತೂಕ ನೋಡಬೇಕಮ್ಮ. ಎರಡು ನಿಮಿಷ."

"ಗೊತ್ತೈತಿ ನಿಮ್ಮ ಎರಡು ನಿಮಿಷ. ಅಷ್ಟರಾಗ ಬದಲು ಮಾಡಿ ಗಂಡು ಕೂಸು ತಂದು ಕೈಗಿಟ್ರ ನಾ ಏನ್ ಮಾಡ್ಲಿ?"