ಮೂರನೇ ತೂಬಿನ ಡಿಗ್ರಿ

ನನ್ನ ಕೈಲಿ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಸಾರಿದವರು ನಮ್ಮ ಕಾಕಾ. ಅದೂ ಶಹಾಪುರದ ಚಹಾದಂಗಡಿಯಲ್ಲಿ, ಹತ್ತು ಮಂದಿಯ ಮುಂದೆ. "ಇವನ ತಲಿ ತೂತು ಬಿದ್ದ ಕೊಡ ಐತ್ರಿ. ಇವ ಬಿಎಸ್ಸಿ ಪಾಸಾಗೋದೂ ಒಂದ, ನಮ್ಮ ಎತ್ತು ಹಾಲು ಕೊಡೋದೂ ಒಂದ." ಸಿಟ್ಟೇನೋ ಬಂತು. ಆದರೆ ಮಾತು ಪೂರ್ತಿ ಸುಳ್ಳಾಗಿರಲಿಲ್ಲ. ನಮ್ಮ ಮನೆತನದಲ್ಲಿ ಮೆಟ್ರಿಕ್ ದಾಟಿದ ಮೊದಲಿಗ ನಾನು. ಕೊನೆಯ ವರ್ಷದ ಪ್ರಾಣಿಶಾಸ್ತ್ರದಲ್ಲಿ ಎರಡು ಸಲ ಬಿದ್ದವನೂ ನಾನೇ. ಗೋಡೆಗೆ ಒರಗಿ ಓದಿದ್ದೆಲ್ಲ, ನಾನು ಎದ್ದರೂ ಗೋಡೆಗೇ ಅಂಟಿಕೊಂಡು ಉಳಿಯುತ್ತಿತ್ತು. "ಈ ಸಲ ಹೋತಂದ್ರ ಪುಸ್ತಕ ಕಟ್ಟಿಡು, ನೆಲ್ಲು ನೋಡ್ಕೊ" ಎಂದು ಕಾಕಾ ಕಡೆಯ ಮಾತು ಹೇಳಿಬಿಟ್ಟರು.

ಆಗ ಕಾಲುವೆ ಬಂದ ಹೊಸತು. ನಮ್ಮ ಹೊಲ ಅದರ ತುದಿಗೆ. ಮೇಲಿನವರು ತಮ್ಮ ತೂಬಿನ ಬಾಗಿಲು ಪೂರಾ ಎತ್ತಿಕೊಂಡರೆ ನಮಗೆ ಹಸಿ ಮಣ್ಣೂ ಇಲ್ಲ. ಹಾಗಾಗಿ ದಿನಾ ಬೆಳಿಗ್ಗೆ ಕಾಲುವೆಯ ಏರಿಯ ಮೇಲೆ ನಡೆದು ಐದು ತೂಬು ನೋಡಿಬರುವ ಕೆಲಸ ನನಗೆ ಬಿತ್ತು. ಕೈಯಲ್ಲಿ ಪುಸ್ತಕ ಇರುತ್ತಿತ್ತು. ವಾರದೊಳಗೆ ಒಂದು ಸೋಜಿಗ ಕಂಡೆ. ಮೊದಲ ತೂಬಿನ ಹತ್ತಿರ ಓದಿದ ಹೃದಯ ಮರುದಿನವೂ ಅಲ್ಲೇ ಬಡಿಯುತ್ತಿತ್ತು! ಎರಡನೆಯದರ ಹತ್ತಿರ ಮೂತ್ರಪಿಂಡ, ಮೂರನೆಯದರ ಹತ್ತಿರ ಮಿದುಳು. ನಡೆದಾಡಿದರೆ ಮಿದುಳಿಗೆ ರಕ್ತ ಹೆಚ್ಚು ಹರಿಯುತ್ತದೆ, ನೆನಪನ್ನು ಗಟ್ಟಿ ಮಾಡುವ ರಾಸಾಯನಿಕಗಳು ಹುಟ್ಟುತ್ತವೆ ಎಂದು ಅದೇ ಪುಸ್ತಕದಲ್ಲಿತ್ತು. ಕುಳಿತು ಓದಿದ್ದರಿಂದ ಅದನ್ನೂ ಮರೆತಿದ್ದೆ.

ಯಾದಗಿರಿಯ ಪರೀಕ್ಷೆಯಲ್ಲಿ ದೊಡ್ಡ ಪ್ರಶ್ನೆ ಮಿದುಳಿನದೇ. ಕುಳಿತೆ, ತಲೆ ಖಾಲಿ. ಕಾಕಾನ ನೆಲ್ಲು ಕಣ್ಣ ಮುಂದೆ ತೂಗಾಡಿತು. ಬೆಂಚಿನ ಕೆಳಗೆ ಕಾಲಾಡಿಸುತ್ತ ಮನಸ್ಸಿನಲ್ಲೇ ಏರಿ ಹತ್ತಿದೆ. ಮೇಲ್ವಿಚಾರಕರು ಬಂದು, ಚಪ್ಪಲಿ ಬಿಡಿಸಿ ಚೀಟಿ ಹುಡುಕಿದರು. ಸಿಕ್ಕಿದ್ದು ಹೊಲದ ಮಣ್ಣು.

"ಯಾಕಪಾ, ಹೊರಗ ಹೋಗೂದೈತೇನು?"

"ಇಲ್ರೀ ಸರ್, ಮೂರನೇ ತೂಬಿಗೆ ಹೊಂಟೀನ್ರಿ."

"ಪಾಪ, ಬಿಸಲಿಗೆ ತಲಿ ತಿರುಗೈತಿ" ಎಂದು ಅವರೇ ನೀರು ತರಿಸಿಕೊಟ್ಟರು. ಕುಡಿದು ಮುಗಿಸುವಷ್ಟರಲ್ಲಿ ತೂಬು ಬಂತು, ಉತ್ತರವೂ ಬಂತು.

ಪಾಸಾದೆ. ಪ್ರಮಾಣಪತ್ರ ಬಂದ ದಿನ ನೇರ ಹೋಗಿ ಕಾಕಾನ ಕೈಗಿಟ್ಟೆ, ನಡೆಯುತ್ತ ಓದಿದ ತೂಬಿನ ಗುಟ್ಟನ್ನೂ ಹೇಳಿದೆ. ಅಕ್ಷರ ಬಾರದ ಕಾಕಾ ಅದನ್ನು ಎರಡೂ ಕಡೆ ಸವರಿ ನೋಡಿ, ಧೋತರದಿಂದ ಕಣ್ಣೊರೆಸಿಕೊಂಡು, "ಏನ್ ಬರದಾರ, ಓದು" ಎಂದು ತಿರುಗಿ ಕೊಟ್ಟರು. ನಾನು ಹಿಗ್ಗಿನಿಂದ ಕಟ್ಟೆಯ ಮೇಲೆ ಕುಳಿತು ಗಂಟಲು ಸರಿಮಾಡಿಕೊಂಡೆ. ಕಾಕಾ ರಟ್ಟೆ ಹಿಡಿದು ಎಬ್ಬಿಸಿದರು.

"ಏಳಲೇ! ಕುಂತ್ರ ಮರೀತಿ. ಅಡ್ಡಾಡ್ಕೋತ ಓದು. ಹಂಗ ತೂಬೂ ನೋಡ್ಕೊಂಡು ಬಾ."