ಐದನೇ ಚಕ್ರ ಮತ್ತು ನಮ್ಮತ್ತೆಯ ತುಳಸಿಕಟ್ಟೆ

ನಮ್ಮನೇಲಿ ಯಾವ ಕೆಲಸವೂ ಒಂದೇ ಕೆಲಸವಾಗಿ ಮುಗಿದದ್ದಿಲ್ಲ ಕಣ್ರೀ. ಗಡಿಯಾರಕ್ಕೆ ಸೆಲ್ ಹಾಕೋಕೆ ಸ್ಟೂಲ್ ಹತ್ತಿದವರು ಗೋಡೆಗೆ ಬಣ್ಣ ಹೊಡೆಸಿಯೇ ಇಳಿಯೋದು. ನಮ್ಮ ಯಜಮಾನರ ಕೈಗುಣ ಅಂಥದು. ಈ ಜೀಪಿನ ಕಥೆಯೂ ಹಾಗೇ ಆಯಿತು.

ಯಾವ ಕಾಡಿಗೆ?

ರಿಟೈರಾದ ಮೇಲೆ ಯಜಮಾನರು ಹಳೇ ಜೀಪೊಂದನ್ನು ಕೊಂಡರು. ಬೆಟ್ಟ, ಹಳ್ಳ, ಕೆಸರು, ಎಲ್ಲಾ ಕಡೆ ನುಗ್ಗುವಂಥ ಗಾಡಿ. ಸ್ಟೆಪ್ನಿ ಚಕ್ರ ಒಳಗೆ ಹಿಂದಿನ ಸೀಟಿನ ಪಕ್ಕ ಮಲಗಿತ್ತು. ಅದೇ ಇವರಿಗೆ ಕೊರಗು. "ಬೆನ್ನಿಗೆ ಚಕ್ರ ಇಲ್ಲದ ಜೀಪೂ ಒಂದು ಜೀಪೇನೇ?" ಅಂತ ದಿನಾ ರಾಗ.

ಕೊನೆಗೆ ಮೆಕ್ಯಾನಿಕ್ ಹತ್ತಿರ ಹೋದೆವು. ಅವನು ಹಿಂಬಾಗಿಲು ಅಲ್ಲಾಡಿಸಿ ನೋಡಿದ. "ಬಾಗಿಲು ಭಾರ ತಡೆಯಲ್ಲ ಸಾರ್. ಒಳಗೊಂದು ಕಬ್ಬಿಣದ ಪಟ್ಟಿ ಕೊಟ್ಟು ವೆಲ್ಡ್ ಮಾಡಿ, ಆಮೇಲೆ ಚಕ್ರ ಕೂರಿಸ್ಬೇಕು. ಅಂದಂಗೆ ಯಾವ ಕಾಡಿಗೆ ಓಗ್ತೀರಿ ಸಾರ್?"

ಇವರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ನಾನೇ ಹೇಳಿಬಿಟ್ಟೆ. "ದೇವರಾಜ ಮಾರ್ಕೆಟ್ಟಿಗೆ ಕಣಪ್ಪಾ. ಬದನೆಕಾಯಿ ತರೋಕೆ."

ಗೇಟಿನಾಚೆ

ಚಕ್ರ ಕೂತಿತು. ಮನೆಗೆ ಬಂದು ಜೀಪು ಒಳಗೆ ತಂದರೆ ಗೇಟು ಹಾಕೋಕಾಗಲಿಲ್ಲ! ಕೃಷ್ಣಮೂರ್ತಿಪುರಂನ ಹಳೇ ಮನೆ ನಮ್ಮದು, ಅಂಗಳ ಚಿಕ್ಕದು. ಮುಂದೆ ತುಳಸಿಕಟ್ಟೆ ಸುತ್ತೋಷ್ಟು ಜಾಗ ಬಿಟ್ಟರೆ ಹಿಂದೆ ಚಕ್ರ ಬೀದಿಗೆ ಇಣುಕುತ್ತೆ. ಗೇಟಿಗೆ ಹಗ್ಗ ಕಟ್ಟಿದೆವು. ಮಾರನೇ ದಿನವೇ ಹಸುವೊಂದು ಹಗ್ಗ ತಳ್ಳಿಕೊಂಡು ಬಂದು ನನ್ನ ದಾಸವಾಳದ ಗಿಡವನ್ನು ಬೋಳು ಮಾಡಿ ಹೋಯಿತು.

"ಏನಿಲ್ಲ, ತುಳಸಿಕಟ್ಟೆ ಒಡೆದು ಒಂದೂವರೆ ಅಡಿ ಹಿಂದಕ್ಕೆ, ಗೋಡೆಗೆ ಸೇರಿಸಿ ಕಟ್ಟಿಸೋಣ" ಅಂದರು ಯಜಮಾನರು.

ಅತ್ತೆ ಬೆಚ್ಚಿಬಿದ್ದರು. ಅವರಿಗೆ ಎಂಬತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಒಂದು ದಿನವೂ ಆ ಕಟ್ಟೆ ಸುತ್ತದೆ ಕಾಫಿ ಕುಡಿದವರಲ್ಲ. "ಗೋಡೆಗೆ ಸೇರಿಸಿದ್ರೆ ಪ್ರದಕ್ಷಿಣೆ ಎಲ್ಲಿ ಹಾಕ್ಲೋ?"

"ಅರ್ಧ ಸುತ್ತು ಹೋಗಿ ವಾಪಸ್ ಬಾಮ್ಮ."

"ಅರ್ಧಕ್ಕೆ ಅರ್ಧ ಪುಣ್ಯ. ಮಿಕ್ಕಿದ್ದು ನಿನ್ನ ಚಕ್ರ ಕೊಡುತ್ತಾ?"

ಮಾತಿಗೇನೋ ಅಂದರು, ಆದರೆ ಅವತ್ತು ಎರಡು ತುತ್ತೂ ಸರಿಯಾಗಿ ತಿನ್ನಲಿಲ್ಲ. ಯಜಮಾನರದು ಹಿಡಿದ ಹಟ. "ಹಬ್ಬ ಮುಗೀಲಿ, ಗಾರೆಯವನಿಗೆ ಹೇಳಿದೀನಿ" ಅಂದುಬಿಟ್ಟರು.

ಐದನೇ ನಿಂಬೆಹಣ್ಣು

ಆಯುಧಪೂಜೆ ಬಂತು. ಜೀಪು ತೊಳೆದು, ಹೂ ಮುಡಿಸಿ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟಾಯಿತು. ಅತ್ತೆ ಎಣಿಸಿದರು. "ಐದನೇದಕ್ಕೆಲ್ಲಿ?"

"ಅದು ನೆಲ ಮುಟ್ಟಲ್ಲಮ್ಮ."

"ಬೀದಿಯವರ ಕಣ್ಣೆಲ್ಲಾ ಬೀಳೋದು ಅದರ ಮೇಲೇ. ಅದಕ್ಕೆ ಬೇಡ್ವಾ?"

ಯಜಮಾನರಿಗೂ ಸರಿ ಅನಿಸಿತು. ಹಿಂದಿನ ಚಕ್ರಕ್ಕೆ ದಾರದಲ್ಲಿ ನಿಂಬೆಹಣ್ಣು ಕಟ್ಟಿದರು. ಬೀದಿಯಲ್ಲಿ ಗಾಡಿ ತಿರುಗಿಸಿ, ನಮ್ಮ ಕಾಂಪೌಂಡಿಗೇ ರಿವರ್ಸ್ ತಗೊಂಡು ಒತ್ತೋದು ಅಂತ ತೀರ್ಮಾನವಾಯಿತು. ಸ್ಟೀರಿಂಗು ನನ್ನ ಕೈಲಿ, ಇವರು ಪಕ್ಕದಲ್ಲಿ ಬಗ್ಗಿ ನೋಡುತ್ತಾ "ಬಾ, ಬಾ, ಇನ್ನೊಂಚೂರು ಬಾ" ಅನ್ನುತ್ತಿದ್ದರು. ನಾನು ಬಂದೆ. ಫಟ್ ಅಂತ ಹಣ್ಣು ಸಿಡಿದು ರಸವೆಲ್ಲಾ ಇವರ ಕಣ್ಣಿಗೆ!

ಕಣ್ಣುಜ್ಜಿಕೊಂಡು ಕುಣಿಯುತ್ತಿದ್ದ ಮಗನನ್ನು ಅತ್ತೆ ಸಮಾಧಾನವಾಗಿ ನೋಡಿದರು. "ಕಣ್ಣಲ್ಲಿ ನೀರು ಬಂತಾ? ಹಾಗಿದ್ರೆ ದೃಷ್ಟಿಯೆಲ್ಲಾ ಇಳೀತು, ಪೂಜೆ ಫಲಿಸ್ತು ಬಿಡು."

ನಾಲ್ಕು ಮೊಳೆ

ವಿಜಯದಶಮಿ ಕಳೆದ ಸಂಜೆ ಯಜಮಾನರು ಗೋಡೆ ಬದಿಯಲ್ಲಿ ನಾಲ್ಕು ಮೊಳೆ ಹೊಡೆದು, ದಾರ ಸುತ್ತಿ, ಹೊಸ ಕಟ್ಟೆಯ ಜಾಗ ಗುರುತು ಮಾಡಿದರು. ಅತ್ತೆ ಜಗಲಿಯಿಂದಲೇ ನೋಡಿ, ದೀಪ ಹಚ್ಚೋಕೆ ಒಳಗೆ ಹೋದರು.

ಬೆಳಿಗ್ಗೆ ಗಾರೆಯವನಿಗೆ ಜಾಗ ಬಿಡೋಣ ಅಂತ ಜೀಪು ಆಚೆ ತೆಗೆದರೆ ಮುಂದಿನ ಟೈರು ಬುಸ್ ಅಂದಿತು. ಇವರಿಗೋ ಹಿಗ್ಗು! "ನೋಡಿದ್ಯೇನೇ, ಸ್ಟೆಪ್ನಿ ಹೆಂಗೆ ಉಪಯೋಗಕ್ಕೆ ಬಂತು!" ಬೆನ್ನಿನ ಚಕ್ರ ಬಿಚ್ಚಿ ಮುಂದಕ್ಕೆ ಹಾಕಿ, ಪಂಕ್ಚರಾದದ್ದನ್ನು ಅಂಗಡಿಗೆ ಒಯ್ದರು.

ಅರ್ಧ ಗಂಟೆಗೆ ವಾಪಸ್ ಬಂದರು. ಟೈರು ಅಂಗಡಿಯಲ್ಲೇ ಇತ್ತು. ಜೀಪಿನ ಬೆನ್ನು ಖಾಲಿ, ಸಿಟ್ಟಿನ ಭರದಲ್ಲಿ ಒಳಗೇ ತಂದು ನಿಲ್ಲಿಸಿದಾಗ ಗೇಟು ತಾನಾಗಿ ಕಟಕ್ ಅಂತ ಮುಚ್ಚಿಕೊಂಡಿತು. ಗಾರೆಯವನು ಆಗಲೇ ಜಗಲಿ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದ. ಇವರು ನೇರವಾಗಿ ಅತ್ತೆಯ ಮುಂದೆ ನಿಂತು ಅಂಗೈ ಚಾಚಿದರು. ಅದರಲ್ಲೊಂದು ಮೊಳೆ.

"ಟೈರಿಂದ ತೆಗೆದದ್ದು. ನಾನು ಹೊಡೆದ ಮೊಳೇನೇ ಇದು! ಯಾರು ಕಿತ್ತಿದ್ದು?"

ಹೂಬತ್ತಿ ಹೊಸೆಯುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ನಾನೇ ಕಣೋ. ಪ್ರದಕ್ಷಿಣೆ ಹಾಕುವಾಗ ಕಾಲಿಗೆ ಚುಚ್ಚೀತು ಅಂತ ನಾಲ್ಕೂ ಕಿತ್ತೆ."

"ಅಯ್ಯೋ! ಮಿಕ್ಕ ಮೂರು ಎಲ್ಲಿ ಬಿಸಾಕಿದೆ? ಗಾಡಿ ಹೆಂಗಮ್ಮಾ ತೆಗೀಲಿ?"

"ಈ ವಯಸ್ಸಿಗೆ ನೆನಪೆಲ್ಲಿರುತ್ತಪ್ಪಾ? ಗಾರೆಯವನನ್ನ ಕಳಿಸ್ಬಿಡು, ಆಮೇಲೆ ನೆನಪಾದ್ರೂ ಆಗಬಹುದು."

ಇವರು ಜೀಪು ನೋಡಿದರು, ಅಂಗಳ ನೋಡಿದರು, ಮುಚ್ಚಿದ ಗೇಟು ನೋಡಿದರು. ಆಮೇಲೆ ಗಾರೆಯವನಿಗೆ ಕೈ ಮುಗಿದರು. "ಬೇಡಪ್ಪಾ, ಚಕ್ರ ಒಳಗೇ ಮಲಗಿರಲಿ."

ಅವನು ಬೀದಿ ತಿರುವು ದಾಟಿದ್ದೇ ತಡ, ಅತ್ತೆ ಸೆರಗಿನ ಗಂಟು ಬಿಚ್ಚಿ ಮೂರು ಮೊಳೆಯನ್ನೂ ಮಗನ ಅಂಗೈಗೆ ಹಾಕಿದರು.

"ತಗೋ ಮಗು. ಒಂದೇ ಸಾಕಾಯ್ತು."