ಸಾಹೇಬರ ಕಿಲ್ಟು, ನನ್ನ ಲುಂಗಿ

ಬಟ್ಟೆ ಬಿಚ್ಚಿದರೆ ಮಾನ ಹೋಗುತ್ತದೆ ಅಂತಾರೆ ಜನ. ನನ್ನ ಮಾನ ಮಾರಾಯ್ರೇ, ಉಟ್ಟುಕೊಂಡಿದ್ದಾಗಲೇ ಹೋದದ್ದು. ಅದೂ ಒಂದು ಸಲವಲ್ಲ. ತೊಂಬತ್ತರ ಆಸುಪಾಸಿನಲ್ಲಿ ನಾನು ಒಮಾನಿನ ಅಲ್ ಗುಬ್ರಾದಲ್ಲಿ ಒಂದು ಏಸಿ ಕಂಪೆನಿಯ ಗುಮಾಸ್ತ. ಕಾಂಟ್ರ್ಯಾಕ್ಟ್ ಮುಗಿಯಲಿಕ್ಕೆ ಬಂದಿತ್ತು. ಹೊಸ ಮ್ಯಾನೇಜರು ಸಹಿ ಹಾಕಿದರೆ ಹೆಂಡತಿ, ಮಗಳು, ಮಗಳ ಶಾಲೆ ಎಲ್ಲ ಅಲ್ಲೇ. ಹಾಕದಿದ್ದರೆ ಖಲಾಸ್, ಗಂಟುಮೂಟೆ ಕಟ್ಟಿ ಉಡುಪಿಗೆ.

೧. ಯೂನಿಫಾರ್ಮು

ಮ್ಯಾನೇಜರು ಸ್ಕಾಟ್ಲೆಂಡಿನವರು. ದಿನಾ ಆಫೀಸಿಗೆ ಬರುವುದು ಕಿಲ್ಟು, ಅಂದರೆ ಅವರ ಊರಿನ ಗಂಡಸರ ಲಂಗ, ಉಟ್ಟೇ. ಕೆಂಪು ಚೌಕಳಿ, ಹಿಂದೆ ನೆರಿಗೆ, ಮೊಣಕಾಲಿಗೆ ಸಮಾಪ್ತಿ. ಒಂದು ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಡುವ ದಾರಿಯಲ್ಲಿ ಆಫೀಸಿನ ಮುಂದೆ ಕಾರು ನಿಲ್ಲಿಸಿದೆ. ಜೊತೆಗಿದ್ದ ಹೆಂಡತಿ ಅವರನ್ನು ನೋಡಿದಳು, ಮಗಳ ಸ್ಕರ್ಟು ನೋಡಿದಳು.

"ಅಯ್ಯೋ, ಅದೇ ಚೌಕಳಿ! ಇವಳ ಹೋದ ವರ್ಷದ್ದು ಗಿಡ್ಡ ಆಗಿ ಹಾಗೇ ಬಿದ್ದಿದೆ. ನಿಮ್ಮ ಸಾಹೇಬರಿಗೆ ಕೊಡುವಾ?"

"ಮಮ್ಮೀ, ಪ್ಲೀಸ್!" ಅಂತ ಸೀಟಿನ ಕೆಳಗೆ ಹೋದ ಮಗಳು ಶಾಲೆ ಬರುವವರೆಗೆ ಮೇಲೆ ಬರಲಿಲ್ಲ.

೨. ನಂಬಿಕೆ

ಅಲ್ಲಿಯ ಸೆಕೆಗೆ ಪ್ಯಾಂಟಿನೊಳಗೆ ನನ್ನ ತೊಡೆಯೆಲ್ಲ ಬೆವರುಸಾಲೆ. ಸಾಹೇಬರ ಕಾಲಿಗೆ ಗಾಳಿ ಆಡುವುದು ನೋಡಿ ಧೈರ್ಯ ಬಂತು.

"ಸಾರ್, ನಾನೂ ನಮ್ಮ ಊರಿನ ಲುಂಗಿ ಉಟ್ಟು ಬರಬಹುದಾ?"

"ಅದಕ್ಕೆ ಬೆಲ್ಟ್ ಉಂಟಾ?"

"ಇಲ್ಲ ಸಾರ್."

"ಪಿನ್ನು? ಗುಂಡಿ?"

"ಇಲ್ಲ ಸಾರ್."

"ಮತ್ತೆ ಸೊಂಟದಲ್ಲಿ ನಿಲ್ಲುವುದು ಹೇಗೆ?"

"ನಂಬಿಕೆ ಮೇಲೆ ಸಾರ್."

"ನಂಬಿಕೆ ಚರ್ಚಿನಲ್ಲಿರಲಿ. ಇಲ್ಲಿಗೆ ಪ್ಯಾಂಟ್ ಹಾಕ್ಕೊಂಡು ಬನ್ನಿ" ಎಂದರು, ಬರಿ ಮೊಣಕಾಲು ಕೆರೆದುಕೊಳ್ಳುತ್ತ.

೩. ಈರುಳ್ಳಿ

ನಮ್ಮಲ್ಲಿ ಲುಂಗಿಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿದ್ದರೂ ದೊಡ್ಡವರು ಎದುರಾದ ಕೂಡಲೇ ಇಳಿಸಬೇಕು. ಅದು ಮರ್ಯಾದೆ. ಕೈಗೆ ಎಷ್ಟು ಅಭ್ಯಾಸವೆಂದರೆ ಅದು ತಲೆಯನ್ನು ಕೇಳುವುದೇ ಇಲ್ಲ.

ಒಂದು ಶುಕ್ರವಾರ ಸೀಬ್ ಸೂಕಿನಲ್ಲಿ, ಅಂದರೆ ಅಲ್ಲಿಯ ಪೇಟೆಯಲ್ಲಿ, ಲುಂಗಿ ಎತ್ತಿ ಕಟ್ಟಿ, ಈರುಳ್ಳಿ ಚೀಲ ತಬ್ಬಿಕೊಂಡು ಬರುತ್ತಿದ್ದೆ. ಎದುರಿಗೆ ಮ್ಯಾನೇಜರು! ಎರಡೂ ಕೈ ಸೊಂಟಕ್ಕೆ ಹೋಯಿತು. ಚೀಲ ಬಿತ್ತು, ಈರುಳ್ಳಿ ಸೂಕೆಲ್ಲ ಉರುಳಿತು. ಗಡಿಬಿಡಿಯಲ್ಲಿ ಎತ್ತಿ ಕಟ್ಟಿದ್ದು ಮಾತ್ರವಲ್ಲ, ಸೊಂಟದ ಗಂಟೂ ಬಿಚ್ಚಿತು. ನನ್ನ ಕರ್ಮ! ಒಳಗೆ ಪಟ್ಟೆಪಟ್ಟೆ ಚಡ್ಡಿ ಇತ್ತು ಎಂಬುದೊಂದೇ ಸಮಾಧಾನ. ಸಾಹೇಬರು ಗೋಡೆ ಕಡೆ ಮುಖ ತಿರುಗಿಸಿದರು.

ಮಾರನೇ ದಿನ ಆಫೀಸಿನಲ್ಲಿ ಹೇಳಿದರು: "ನಿಮ್ಮ ನಂಬಿಕೆ ನಿನ್ನೆ ನೋಡಿದೆ. ಕಾಂಟ್ರ್ಯಾಕ್ಟ್ ವಿಷಯ ಆಲೋಚನೆ ಮಾಡಬೇಕು."

೪. ಸಹಿ

ಆ ವಾರ ನನಗೆ ಅನ್ನ ಸೇರಲಿಲ್ಲ. ಕಡೆಗೆ ಹೆಂಡತಿ, "ಮನೆಗೆ ಕರೀರಿ, ಕೋಳಿ ಸಾರು ಮಾಡ್ತೇನೆ" ಎಂದಳು. ಕರೆದೆ. ಬಂದರು, ಕಿಲ್ಟಿನಲ್ಲೇ. ನಾನು ಮನೆಯೊಳಗೂ ಪ್ಯಾಂಟು, ಟೈ. ಎದುರಿಗೆ ಕೂತವರು ವಿಸಿಟ್ ವೀಸಾದಲ್ಲಿ ಬಂದಿದ್ದ ನನ್ನ ಮಾವ, ಲುಂಗಿಯನ್ನು ಹಿಮ್ಮಡಿವರೆಗೆ ಇಳಿಸಿಕೊಂಡು.

ಮಾವನ ಕಣ್ಣು ಸಾಹೇಬರ ಮೊಣಕಾಲಿನಿಂದ ಕದಲಲಿಲ್ಲ.

"ಇದೆಂತ ಅಳಿಯಂದ್ರೇ, ವಯಸ್ಸಾದವರ ಎದುರು ಎತ್ತಿ ಕಟ್ಟಿ ಕೂತಿದ್ದಾರೆ? ಇಳಿಸ್ಲಿಕ್ಕೆ ಹೇಳಿ."

"ಅದು ಇಳಿಯುದಿಲ್ಲ ಮಾವ. ಇರುವುದೇ ಅಷ್ಟು."

"ಅಯ್ಯೋ ಪಾಪ! ಇಷ್ಟು ದೊಡ್ಡ ಮನುಷ್ಯನಿಗೆ ಬಟ್ಟೆ ಸಾಕಾಗ್ಲಿಲ್ವಾ?"

ನಾನು ಬೇಡ ಬೇಡ ಅನ್ನುವುದರೊಳಗೆ ಮಾವ ಒಳಗೆ ಹೋಗಿ, ತನ್ನ ಹೊಸ ನೀಲಿ ಲುಂಗಿ ತಂದು, ಸಾಹೇಬರನ್ನು ಎಬ್ಬಿಸಿ ಕಿಲ್ಟಿನ ಮೇಲೆಯೇ ಸುತ್ತಿ ಬಿಗಿಯಾಗಿ ಕಟ್ಟಿದರು. ಮೊಣಕಾಲು ಮುಚ್ಚಿತು. ನನ್ನ ಕಣ್ಣಿಗೆ ಉಡುಪಿ ಬಸ್‌ಸ್ಟ್ಯಾಂಡೇ ಕಂಡಿತು.

ಸಾಹೇಬರ ಕಣ್ಣಲ್ಲಿ ನೀರು! "ಈ ದೇಶದಲ್ಲಿ ಇಷ್ಟು ಗೌರವ ನನಗೆ ಯಾರೂ ಮಾಡಿಲ್ಲ" ಎಂದರು. ಶಾಲು ಹೊದಿಸಿದ್ದು ಅಂದುಕೊಂಡಿದ್ದರು, ಪುಣ್ಯಾತ್ಮ.

ಮರುದಿನವೇ ಎರಡು ವರ್ಷಕ್ಕೆ ಸಹಿ ಬಿತ್ತು. ಅಂದಿನಿಂದ ಅವರು ಆಫೀಸಿಗೆ ಬಂದದ್ದು ಲುಂಗಿಯಲ್ಲಿ. ಕಟ್ಟಲಿಕ್ಕೆ ಮಾತ್ರ ಬರುವುದಿಲ್ಲ. ಆದ್ದರಿಂದ ಎರಡು ವರ್ಷ, ದಿನಾ ಬೆಳಿಗ್ಗೆ ಏಳೂವರೆಗೆ, ಬಿ.ಕಾಂ. ಮಾಡಿದ ನಾನು ಪ್ಯಾಂಟು, ಟೈ ಹಾಕಿಕೊಂಡು ಅವರಿಗೆ ಲುಂಗಿ ಉಡಿಸಿದೆ.

ಒಂದು ದಿನ ತೊಡೆ ಉರಿ ತಡೆಯದೆ ಕೇಳಿಯೇ ಬಿಟ್ಟೆ: "ಸಾರ್, ಈಗಲಾದರೂ ನಾನು ಲುಂಗಿ ಉಡಬಹುದಾ?"

"ಛೆ! ಇಬ್ಬರೂ ಉಟ್ಟರೆ ಮ್ಯಾನೇಜರ್ ಯಾರು ಅಂತ ಜನರಿಗೆ ಹೇಗೆ ಗೊತ್ತಾಗಬೇಕು?"